ಹೊಂದದ ಸಾಲುಗಳನ್ನು ಓದುವುದು ಹೇಗೆ?

ಕಂಪ್ಯೂಟರಿನ ಕೈಪಿಡಿಯನ್ನು ವಿಮರ್ಶೆಯ ಕಣ್ಣಿನಿಂದ ಯಾರೂ ಓದುವುದಿಲ್ಲ. ಲಾಗ್‌ವಾಚ್ ಎಂಬ ಮುಕ್ತ ತಂತ್ರಾಂಶದ ವಿವರಣೆ ಹುಡುಕಿಕೊಂಡು ಹೋದಾಗ, ಹಾಗೆ ಓದಬೇಕು ಎಂದು ನನಗನ್ನಿಸಿತು.

ಕೇರಳದ ಗಡಿಯಲ್ಲಿರುವ ನಮ್ಮ ಮಾಕುಟ್ಟದ ಚೆಕ್‌ಪೋಸ್ಟಿನಲ್ಲಿ ಹಾದುಹೋದ ಗಾಡಿಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಹೇಗಿರುತ್ತದೋ, ಸರ್ವರಿನ ಲಾಗ್ ಕಡತವೂ ಹಾಗೆಯೇ. ಅದನ್ನು ಓದಿ ಲಾಗ್‌ವಾಚ್ ಸಾರಾಂಶ ಕೊಡುತ್ತದೆ. ಬೇರೆ ದಿನ ಹೇಳದಿದ್ದರೆ ನಿನ್ನೆಯದು.

ಇದರ ವಿವರಣೆ ಮೂರು ಕಡೆ ಹಂಚಿಹೋಗಿದೆ. ‘ಮ್ಯಾನ್’ ಪುಟ ನಿಘಂಟಿನಂತೆ, ಪದ ಗೊತ್ತಿದ್ದವರಿಗೆ ಮಾತ್ರ ಒದಗುತ್ತದೆ. ‘ಹೌ ಟು’ ಕಡತ ನಮಗೆ ಬೇಕಾದಂತೆ ಬದಲಿಸಿಕೊಳ್ಳುವುದನ್ನು ಹೇಳಿಕೊಡುತ್ತದೆ. ನನಗೆ ಹಿಡಿಸಿದ್ದು ಸೆಟ್ಟಿಂಗ್ ಕಡತದೊಳಗಿನ ಟಿಪ್ಪಣಿಗಳು. ವರದಿಯಲ್ಲಿ ವಿವರ ಎಷ್ಟಿರಬೇಕು ಎಂಬ ಆಯ್ಕೆಯ ಬಳಿಯೇ ಕಡಿಮೆಗೆ 0, ಮಧ್ಯಮಕ್ಕೆ 5, ಹೆಚ್ಚಿಗೆ 10 ಎಂದಿದೆ. ಬೇಕಾದ ಮಾತು ಬೇಕಾದ ಜಾಗದಲ್ಲೇ ಸಿಗುತ್ತದೆ.

ಕೊರತೆಯಿರುವುದು ಬೇರೆಡೆ. ವರದಿಯಲ್ಲಿ ‘ಅನ್‌ಮ್ಯಾಚ್ಡ್ ಎಂಟ್ರೀಸ್’ ಎಂಬ ಭಾಗ ಬರುತ್ತದೆ: ಯಾವ ಮಾದರಿಗೂ ಹೊಂದದ ಸಾಲುಗಳು. ತನಗೆ ತಿಳಿಯದ್ದನ್ನು ಬಚ್ಚಿಡದ ಈ ಪ್ರಾಮಾಣಿಕತೆ ಅನೇಕ ವಿಮರ್ಶಕರಲ್ಲೂ ಇಲ್ಲ. ಅವುಗಳಲ್ಲಿ ಬಹುಪಾಲು ನಿರಪಾಯದ ಸಾಲುಗಳಾಗಿರಬಹುದು, ಒಂದು ಮಾತ್ರ ಕೆಡುತ್ತಿರುವ ಡಿಸ್ಕಿನ ಸುದ್ದಿಯಾಗಿರಬಹುದು. ಆ ಒಂದನ್ನು ಗುರುತಿಸುವ ಬಗೆಯನ್ನು ನಾನು ಓದಿದ ಪುಟಗಳು ಕಲಿಸಲಿಲ್ಲ. ಕನ್ನಡದಲ್ಲಿ ಇಂಥ ಕೈಪಿಡಿ ಬರೆಯುವವರು ಆಜ್ಞೆಗಳ ಪಟ್ಟಿಯನ್ನು ಅನುವಾದಿಸುವ ಮೊದಲು ಈ ಅಧ್ಯಾಯವನ್ನು ಬರೆಯಲಿ.