ತೂಗುಬೋಗುಣಿಗಳ ಕೊಂಡಿಬಿಲ್ಲೆಗಳು: ಅಲಂಕರಣ ಮತ್ತು ಬಳಕೆ

ಬ್ರಿಟನ್ನಿನ ಆದಿ ಮಧ್ಯಯುಗದ ಲೋಹದ ಕೆಲಸಗಳಲ್ಲಿ ತೂಗುಬೋಗುಣಿಗಳಷ್ಟು ಚರ್ಚೆಗೊಳಗಾಗಿಯೂ ಅರ್ಥವಾಗದೆ ಉಳಿದ ವಸ್ತುಗಳು ವಿರಳ. ಕಂಚಿನ ತೆಳು ತಗಡನ್ನು ಬಡಿದು ರೂಪಿಸಿದ ಅಗಲ ಬಾಯಿಯ ಪಾತ್ರೆ. ಕಂಠದ ಕೆಳಗೆ ಮೂರು ಅಥವಾ ನಾಲ್ಕು ಕಡೆ ಬೆಸುಗೆ ಹಾಕಿದ ಎರಕದ ಬಿಲ್ಲೆಗಳು. ಬಿಲ್ಲೆಯಿಂದ ಮೇಲೆದ್ದು ಅಂಚಿನತ್ತ ಬಾಗುವ, ಹಲವೆಡೆ ಪ್ರಾಣಿಯ ತಲೆಯುಳ್ಳ ಕೊಂಡಿ. ಕೊಂಡಿಗೆ ಸಿಕ್ಕಿಸಿದ ಬಳೆ. ಇಷ್ಟೇ ಇದರ ರಚನೆ. ಇವು ಹೆಚ್ಚಾಗಿ ದೊರೆತದ್ದು ಇಂಗ್ಲೆಂಡಿನ ಆಂಗ್ಲೋ-ಸ್ಯಾಕ್ಸನ್ ಸಮಾಧಿಗಳಲ್ಲಿ. ಬಿಲ್ಲೆಗಳ ಮೇಲಿನ ಮುಮ್ಮಡಿ ಸುರುಳಿ, ಕೆಂಪು ಎನಾಮೆಲ್, ಬಣ್ಣದ ಗಾಜಿನ ಕಡ್ಡಿಗಳನ್ನು ಕೂಡಿಸಿ ಅಡ್ಡ ಕತ್ತರಿಸಿ ಕೂರಿಸುವ ಮಿಲೆಫಿಯೋರಿ ಕೆಲಸ ಇವೆಲ್ಲ ಕೆಲ್ಟಿಕ್ ಪರಂಪರೆಯವು.

ಈ ವೈರುಧ್ಯವೇ ವಿದ್ವಾಂಸರನ್ನು ಮೂಲದ ಶೋಧಕ್ಕೆ ಕಟ್ಟಿಹಾಕಿತು. 1936ರಲ್ಲಿ ಫ್ರಾನ್ಸ್ವಾಸ್ ಆನ್ರಿ ಐರ್ಲೆಂಡಿನ ಪಕ್ಷದಲ್ಲಿ ವಾದ ಮಂಡಿಸಿದರು. ರೂಪರ್ಟ್ ಬ್ರೂಸ್-ಮಿಟ್‌ಫೋರ್ಡ್ ಅವರ ಬೃಹತ್ ಸಂಪುಟವು ಅವರ ನಿಧನಾನಂತರ 2005ರಲ್ಲಿ ಪ್ರಕಟವಾಯಿತು. ಅದರ ಉಪಕಾರವನ್ನು ಯಾವ ಸಂಶೋಧಕನೂ ಅಲ್ಲಗಳೆಯಲಾರ. ಆದರೂ ಈ ಪಾತ್ರೆಗಳು ‘ಉತ್ತರಕಾಲೀನ ಕೆಲ್ಟಿಕ್’ ಎಂದು ಶೀರ್ಷಿಕೆಯಲ್ಲೇ ತೀರ್ಮಾನವಾಗಿಬಿಟ್ಟಿದೆ. ಉತ್ತರ ಸ್ಕಾಟ್ಲೆಂಡಿನ ಕ್ರೇಗ್ ಫಾಡ್ರಿಗ್ ಕೋಟೆಯಲ್ಲಿ ಬಿಲ್ಲೆಯ ಎರಕಕ್ಕೆ ಬಳಸಿದ ಅಚ್ಚು ಸಿಕ್ಕಿದೆ. ತಯಾರಿಕೆಯ ಸ್ಥಳದ ಮಟ್ಟಿಗೆ ಶೈಲಿಯ ಹೋಲಿಕೆಗಿಂತ ಇಂಥ ಅಚ್ಚೇ ಗಟ್ಟಿ ಸಾಕ್ಷಿ. ಹೋಲಿಕೆಯನ್ನೇ ನಂಬಿ ಹೊರಟರೆ ಏನಾಗುತ್ತದೆ ಎಂಬುದಕ್ಕೆ ನಾರ್ವೆಯ ಓಸೆಬರ್ಗ್ ಹಡಗುಸಮಾಧಿಯ ಬಕೆಟ್ಟಿನ ಬಿಲ್ಲೆ ಒಳ್ಳೆಯ ನಿದರ್ಶನ. ಕಾಲು ಮಡಚಿ ಕುಳಿತ, ಎದೆಯ ಮೇಲೆ ಸ್ವಸ್ತಿಕಗಳಿರುವ ಆ ಮೂರ್ತಿಗೆ ‘ಬುದ್ಧ’ ಎಂಬ ಅಡ್ಡಹೆಸರು ಬಿದ್ದಿದೆ. ಬುದ್ಧನಿಗೂ ಅದಕ್ಕೂ ಸಂಬಂಧವಿಲ್ಲ.

ಜಾನಪದ ಅಧ್ಯಯನದಲ್ಲಿ ಸಂದರ್ಭವನ್ನು ಕಳಚಿದ ಪಠ್ಯವನ್ನು ನಾವು ಅಪೂರ್ಣವೆನ್ನುತ್ತೇವೆ. ಬಿಲ್ಲೆಗಳ ವಿಷಯದಲ್ಲಿ ನಡೆದಿರುವುದು ಅದೇ. ಬೆಸುಗೆ ಬಿಟ್ಟು ಒಂಟಿಯಾಗಿ ಸಿಕ್ಕ ಬಿಲ್ಲೆಗಳು ಅನೇಕವಿರುವುದು ನಿಜ. ಆದರೆ ಪಾತ್ರೆ ಇಡಿಯಾಗಿ ಉಳಿದಿರುವಲ್ಲಿಯೂ ಬಿಲ್ಲೆಯನ್ನು ಮಾತ್ರ ಓದುವುದು ರೂಢಿಯಾಗಿದೆ. ಅಲಂಕರಣ ಎಲ್ಲಿ ಕುಳಿತಿದೆ, ಯಾರ ಕಣ್ಣಿಗೆ ಬೀಳುವಂತಿದೆ ಎಂಬ ಪ್ರಶ್ನೆ ಹಿಂದೆ ಸರಿದಿದೆ.

1939ರಲ್ಲಿ ಸಟನ್ ಹೂ ಹಡಗುಸಮಾಧಿಯಲ್ಲಿ ದೊರೆತ ಮೂರು ಬೋಗುಣಿಗಳಲ್ಲಿ ದೊಡ್ಡದನ್ನು ಗಮನಿಸಬಹುದು. ಅದರ ಒಳಗೆ, ತಳದ ನಡುವಿನಲ್ಲಿ ನಿಲ್ಲಿಸಿದ ಗೂಟದ ಮೇಲೆ ಲೋಹದ ಮೀನೊಂದಿದೆ. ಅದು ಸುತ್ತಲೂ ತಿರುಗುತ್ತದೆ. ಗಂಜಿಯೋ ಕಪ್ಪು ಮದ್ಯವೋ ತುಂಬಿದ ಪಾತ್ರೆಯಲ್ಲಿ ಈ ಮೀನಿಗೆ ಏನು ಕೆಲಸ? ತಿಳಿಯಾದ ದ್ರವವಿದ್ದು, ಬಗ್ಗಿ ನೋಡುವವರಿದ್ದಾಗ ಮಾತ್ರ ಅದಕ್ಕೆ ಅರ್ಥ. ದೀಪದ ಪಾತ್ರೆ, ಹರಕೆಯ ಪಾತ್ರೆ, ಕೈತೊಳೆಯುವ ಪಾತ್ರೆ ಎಂಬ ಊಹೆಗಳಲ್ಲಿ, ಕನಿಷ್ಠ ಈ ಒಂದರ ಮಟ್ಟಿಗೆ, ನೀರಿನ ಪಾತ್ರೆ ಎಂಬುದನ್ನು ಅಲಂಕರಣವೇ ಸಮರ್ಥಿಸುತ್ತದೆ. ಫ್ಯಾವರ್‌ಶಮ್‌ನ ಬಿಲ್ಲೆಗಳಲ್ಲಿ ಶಿಲುಬೆಯ ಇಕ್ಕೆಲಗಳಲ್ಲಿ ಮೀನಿನಂಥ ಜಲಚರಗಳಿವೆ. ಅಷ್ಟರಿಂದಲೇ ಎಲ್ಲ ಬೋಗುಣಿಗಳನ್ನೂ ಚರ್ಚಿಗೆ ಒಪ್ಪಿಸುವುದು ಅವಸರವಾದೀತು.

ನೀರಿನ ವಾದಕ್ಕೆ ಕೆಲವರು ಬೀಡನ ನೆರವು ಪಡೆಯುತ್ತಾರೆ. 731ರಲ್ಲಿ ಮುಗಿದ ತನ್ನ ಚರಿತ್ರೆಯಲ್ಲಿ ಅವನು, ಎಡ್ವಿನ್ ಅರಸನು ಹೆದ್ದಾರಿಯ ಬಳಿಯ ಚಿಲುಮೆಗಳಲ್ಲಿ ಕಂಬ ನೆಡಿಸಿ ದಾರಿಹೋಕರಿಗಾಗಿ ಕಂಚಿನ ಪಾತ್ರೆ ತೂಗುಹಾಕಿಸಿದ್ದನೆಂದೂ, ಕುಡಿಯುವುದಕ್ಕಲ್ಲದೆ ಅವನ್ನು ಯಾರೂ ಮುಟ್ಟುತ್ತಿರಲಿಲ್ಲವೆಂದೂ ಹೇಳುತ್ತಾನೆ. ಇಲ್ಲಿ ಜಾನಪದ ವಿದ್ವಾಂಸರು ತಡೆದು ನಿಲ್ಲಬೇಕು. ಬೆಲೆಬಾಳುವ ವಸ್ತು ಬೀದಿಯಲ್ಲಿದ್ದೂ ಕಳುವಾಗದಿರುವುದು ಧರ್ಮರಾಜ್ಯವನ್ನು ಬಣ್ಣಿಸುವ ಪ್ರಸಿದ್ಧ ಆಶಯ. ಡೆನ್ಮಾರ್ಕಿನ ಫ್ರೋಥಿ ಅರಸನ ಕಥೆಯಲ್ಲಿ ಕಂಚಿನ ಪಾತ್ರೆಯ ಸ್ಥಾನದಲ್ಲಿ ಚಿನ್ನದ ಬಳೆಯಿದೆ. ಬೀಡನ ಮಾತು ಅರಸನ ಕೀರ್ತಿಯ ದಾಖಲೆ. ಬೋಗುಣಿಯ ಬಳಕೆಗೆ ಅದನ್ನು ನೇರ ಆಧಾರವಾಗಿ ಇಟ್ಟುಕೊಳ್ಳುವಂತಿಲ್ಲ.

ಉತ್ಖನನದ ಸಾಕ್ಷ್ಯ ಬೇರೆಯೇ ದಿಕ್ಕು ತೋರಿಸುತ್ತದೆ. 2003ರಲ್ಲಿ ಎಸೆಕ್ಸ್‌ನ ಪ್ರಿಟಲ್‌ವೆಲ್‌ನಲ್ಲಿ ಅಗೆದ ಸಮಾಧಿಕೋಣೆಯಲ್ಲಿ ಬೋಗುಣಿಯು ಗೋಡೆಯ ಕೊಕ್ಕೆಗೆ ತೂಗುಹಾಕಿದ ಸ್ಥಿತಿಯಲ್ಲೇ ಸಿಕ್ಕಿತು. ಬಳಕೆಯಿಲ್ಲದ ವೇಳೆಯಲ್ಲಿ ಪಾತ್ರೆಯನ್ನು ಗೋಡೆಗೇರಿಸಿ ಇಡುತ್ತಿದ್ದುದಾದರೆ, ಕೆಲವು ಬೋಗುಣಿಗಳ ತಳದ ಹೊರಭಾಗದಲ್ಲೂ ಬಿಲ್ಲೆ ಏಕಿದೆ ಎಂಬುದು ತಿಳಿಯಾಗುತ್ತದೆ: ಗೋಡೆಯ ಮೇಲಿದ್ದಾಗ ಕೋಣೆಯತ್ತ ಮುಖಮಾಡುವುದು ಆ ತಳವೇ. ಇದು ನನ್ನ ಊಹೆ. ಪ್ರತಿ ಬೋಗುಣಿಯ ಕೊಂಡಿಗಳಲ್ಲಿ ಯಾವುದು ಹೆಚ್ಚು ಸವೆದಿದೆ ಎಂದು ನೋಡಿದರೆ ಇದನ್ನು ಪರೀಕ್ಷಿಸಬಹುದು. ಒಂದೇ ಬಳೆಯಿಂದ ಗೋಡೆಗೆ ತೂಗಿದ ಪಾತ್ರೆಯ ಸವೆತವೂ ಮೂರೂ ಬಳೆಗಳಿಂದ ಸಮನಾಗಿ ತೂಗಿದ್ದರ ಸವೆತವೂ ಒಂದೇ ಬಗೆಯಾಗಿರಲಾರವು.

ಸಟನ್ ಹೂ ಬೋಗುಣಿಯ ಮೇಲೆ ಇನ್ನೊಂದು ಕುರುಹಿದೆ. ಹಾನಿಗೊಂಡ ಭಾಗಕ್ಕೆ ಬೆಳ್ಳಿಯ ತೇಪೆ ಹಾಕಲಾಗಿದ್ದು, ಅದರ ಮೇಲೆ ಜರ್ಮಾನಿಕ್ ಶೈಲಿಯ ಹಕ್ಕಿತಲೆಗಳಿವೆ. ಮೂಲ ಯಾವುದೆಂದು ಇಂದಿಗೂ ವಾದಿಸುತ್ತಿರುವ ಈ ಪಾತ್ರೆಯನ್ನು ಪಡೆದವರು ಕಂಚಿಗಿಂತ ಬೆಲೆಬಾಳುವ ಬೆಳ್ಳಿ ವೆಚ್ಚಮಾಡಿ ಉಳಿಸಿಕೊಂಡಿದ್ದಾರೆ. ರಿಪೇರಿ ಮಾಡಿದ ಕಮ್ಮಾರನು ಬಿಲ್ಲೆಯ ಸುರುಳಿಗಳನ್ನು ಅನುಕರಿಸಲು ಹೋಗಿಲ್ಲ; ತನಗೆ ಬರುತ್ತಿದ್ದ ಹಕ್ಕಿಯನ್ನೇ ಕೆತ್ತಿದ್ದಾನೆ.