‘ಸೋಲ್ಫೆರಿನೋ ಸ್ಮರಣೆ’ : ಶೋಕವು ಕಾರ್ಯವಾದ ಬಗೆ

ಕ್ರೌಂಚಪಕ್ಷಿಯ ವಧೆಯನ್ನು ಕಂಡ ಆದಿಕವಿಯ ಶೋಕವು ಶ್ಲೋಕವಾಗಿ ಪರಿಣಮಿಸಿದ ಕಥೆಯನ್ನು ಅರಿಯದ ಕನ್ನಡಿಗರಿಲ್ಲ. ಆ ಶೋಕದಿಂದ ಲೋಕಕ್ಕೆ ಮಹಾಕಾವ್ಯವೊಂದು ಲಭಿಸಿತು. ಆದರೆ ಹಕ್ಕಿಯು ಬದುಕಲಿಲ್ಲ. ಪರದುಃಖವನ್ನು ವರ್ಣಿಸುವ ಸಾಹಿತ್ಯಕ್ಕೆಲ್ಲ ಅಂಟಿಕೊಂಡಿರುವ ಕೊರತೆಯಿದು. ಕರುಣರಸವು ಸಹೃದಯನ ಕಣ್ಣಿನಲ್ಲಿ ನೀರು ತರಿಸಿ, ಆ ನೀರಿನೊಡನೆಯೇ ಒಂದು ಬಗೆಯ ಆನಂದವನ್ನೂ ಉಂಟುಮಾಡುವುದೆಂದು ಆಲಂಕಾರಿಕರು ಹೇಳಿರುವರು. ನಾಟಕದ ಸೀತೆಯ ವಿಷಯದಲ್ಲಿ ಇದು ಸಲ್ಲುವ ಮಾತು. ನಿಜವಾಗಿಯೂ ಗಾಯಗೊಂಡು ಬಿದ್ದಿರುವ ಮನುಷ್ಯನ ವೃತ್ತಾಂತವನ್ನೋದಿ, ಅತ್ತು, ಹಗುರವಾಗಿ, ವಾಚಕನು ಪುಸ್ತಕವನ್ನು ಮುಚ್ಚಿಟ್ಟರೆ ಅದನ್ನು ಬರೆದವನಿಂದ ಆದ ಉಪಕಾರವೇನು? ಈ ಪ್ರಶ್ನೆಗೆ ಕೃತಿಯಿಂದಲೇ ಉತ್ತರವಿತ್ತ ಸಣ್ಣ ಗ್ರಂಥವೊಂದುಂಟು. ಹೆನ್ರಿ ಡ್ಯುನಾಂಟನು ಫ್ರೆಂಚ್ ಭಾಷೆಯಲ್ಲಿ ರಚಿಸಿ, 1862ರಲ್ಲಿ ಜಿನೀವಾ ನಗರದಲ್ಲಿ ಸ್ವಂತ ಖರ್ಚಿನಿಂದ ಅಚ್ಚುಹಾಕಿಸಿದ ‘ಸೋಲ್ಫೆರಿನೋ ಸ್ಮರಣೆ’ಯೇ ಅದು.

ಡ್ಯುನಾಂಟನು ಕವಿಯಲ್ಲ, ವೈದ್ಯನೂ ಅಲ್ಲ, ಜಿನೀವಾದ ವರ್ತಕ. ಆಲ್ಜೀರಿಯದಲ್ಲಿ ಅವನು ಬಂಡವಾಳ ಹಾಕಿದ್ದ ಹಿಟ್ಟಿನ ಗಿರಣಿಗಳಿಗೆ ನೀರಿನ ಹಕ್ಕು ದೊರೆಯಬೇಕಾಗಿದ್ದಿತು. ಅದಕ್ಕಾಗಿ ಮೂರನೆಯ ನೆಪೋಲಿಯನ್ ಚಕ್ರವರ್ತಿಯನ್ನು ಕಾಣಲೆಂದು ಅವನು ಉತ್ತರ ಇಟಲಿಗೆ ಬಂದಿದ್ದನು. 1859ನೆಯ ಜೂನ್ 24ರಂದು ಸೋಲ್ಫೆರಿನೋ ಎಂಬ ಊರಿನ ಸುತ್ತ ಫ್ರಾನ್ಸ್ ಮತ್ತು ಸಾರ್ಡಿನಿಯಗಳ ಸೈನ್ಯವೂ ಆಸ್ಟ್ರಿಯದ ಸೈನ್ಯವೂ ಕಾದಿದುವು. ಒಂದೇ ಹಗಲಿನಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಕೂಡಿ ಸುಮಾರು 40,000 ಮಂದಿ. ಸಮೀಪದ ಕ್ಯಾಸ್ಟಿಲ್ಯೋನೆ ಪಟ್ಟಣದೊಳಕ್ಕೆ ಗಾಯಗೊಂಡವರು ಸಾವಿರಗಟ್ಟಲೆಯಾಗಿ ಬಂದು ಸೇರಿದರು. ವರ್ತಕನು ಬಂದ ಕೆಲಸವನ್ನು ಅತ್ತ ಬಿಟ್ಟು, ಚರ್ಚಿನ ನೆಲದ ಮೇಲೆ ಬಿದ್ದಿದ್ದವರಿಗೆ ನೀರು ಕೊಡುವುದಕ್ಕೆ ನಿಂತನು. ಮೂರು ವರ್ಷಗಳ ತರುವಾಯ ಅದನ್ನು ಬರೆದನು.

ಗ್ರಂಥದ ಮೊದಲ ಭಾಗವು ಯುದ್ಧವರ್ಣನೆ. ಇದು ಕಣ್ಣಾರೆ ಕಂಡುದಲ್ಲ, ಪರರಿಂದ ಕೇಳಿ ಕೂಡಿಸಿದುದು. ಅದರ ದೋಷಗಳೂ ಇಲ್ಲಿ ಸ್ಪಷ್ಟವಾಗಿವೆ. ದಳಪತಿಗಳ ಹೆಸರುಗಳು, ಅವರ ಕುಲಗೌರವ, ಅವರ ಸಾಹಸಗಳು ಒಂದರ ಮೇಲೊಂದು ಬಂದು ಬೇಸರ ತರಿಸುತ್ತವೆ. ದೊಡ್ಡವರ ವಿಷಯದಲ್ಲಿ ಗ್ರಂಥಕರ್ತನಿಗೆ ಹೊಗಳಿಕೆಯ ಚಪಲವಿದ್ದುದನ್ನು ಮುಚ್ಚಿಡಬೇಕಾದುದಿಲ್ಲ. ಆದರೆ ಇಡೀ ಗ್ರಂಥವನ್ನು ಓದಿ ಮುಗಿಸಿದವರಿಗೆ ಈ ಭಾಗದ ಪ್ರಯೋಜನವು ತೋರದಿರದು. ವೀರರಸವು ಮೊದಲು ಉಬ್ಬಿ ನಿಲ್ಲದಿದ್ದರೆ ಅದು ಮುಂದೆ ಕುಸಿಯುವುದು ಕಾಣುವುದೆಂತು? ಹಗಲು ಜಯಘೋಷದಲ್ಲಿ ಮುಗಿಯುತ್ತದೆ; ಕತ್ತಲೆಯಾದೊಡನೆ ನರಳಾಟವು ಕೇಳತೊಡಗುತ್ತದೆ. ಅಲ್ಲಿಂದ ಮುಂದೆ ಹೆಸರಾಂತವರು ಮರೆಯಾಗಿ ಹೆಸರಿಲ್ಲದವರೇ ಗ್ರಂಥವನ್ನು ತುಂಬುವರು.

ಈ ಎರಡನೆಯ ಭಾಗವೇ ಕೃತಿಯ ಜೀವಾಳ. ಇಲ್ಲಿ ಉಪಮೆ ಉತ್ಪ್ರೇಕ್ಷೆಗಳಿಗಿಂತ ವಸ್ತುಗಳ ಹೆಸರುಗಳೇ ಹೆಚ್ಚು ಕೆಲಸ ಮಾಡುತ್ತವೆ. ಬ್ರೆಷಾ ನಗರಕ್ಕೆ ಗಾಡಿಯವನನ್ನು ಕಳುಹಿಸಿ ತರಿಸಿದ ನಿಂಬೆ, ಕಿತ್ತಿಳೆ, ಸಕ್ಕರೆ, ಅಂಗಿ, ಗಾಯದ ಪಟ್ಟಿ, ಹೊಗೆಸೊಪ್ಪು—ಇವುಗಳ ಪಟ್ಟಿಯೇ ಒಂದು ವರ್ಣನೆಯಾಗಿದೆ. ಇಪ್ಪತ್ತರ ವಯಸ್ಸಿನ ಸೈನಿಕನೊಬ್ಬನು ತನ್ನ ಸಾವನ್ನು ತಿಳಿದು, ಲಿಯೋನ್ ನಗರದಲ್ಲಿರುವ ತಂದೆಗೆ ಕಾಗದ ಬರೆಯಬೇಕೆಂದು ಬೇಡಿಕೊಳ್ಳುತ್ತಾನೆ. ಮಗನ ಗತಿ ಮನೆಯವರಿಗೆ ತಿಳಿದುದು ಆ ಕಾಗದದಿಂದಲೇ. ವಯಸ್ಸಾದ ಇನ್ನೊಬ್ಬನು, ಇನ್ನಷ್ಟು ಮೊದಲೇ ಆರೈಕೆ ದೊರೆತಿದ್ದರೆ ತಾನು ಉಳಿಯುತ್ತಿದ್ದೆನೆಂದು ಹೇಳಿ ಸಂಜೆಗೆ ಸಾಯುತ್ತಾನೆ. ಊರಿನ ಹೆಂಗಸರು, ಬಿದ್ದವನು ಯಾವ ದೇಶದವನೆಂದು ಎಣಿಸದೆ, ಎಲ್ಲರೂ ಅಣ್ಣತಮ್ಮಂದಿರೆನ್ನುತ್ತ ಶತ್ರು ಮಿತ್ರರಿಬ್ಬರಿಗೂ ಒಂದೇ ಬಗೆಯಾಗಿ ಶುಶ್ರೂಷೆ ಮಾಡುತ್ತಾರೆ.

ಆ ವಯಸ್ಸಾದ ಸೈನಿಕನ ಮಾತಿನಲ್ಲಿ ಗ್ರಂಥದ ತಾತ್ಪರ್ಯವೆಲ್ಲವೂ ಅಡಗಿದೆ. ಚಿಕಿತ್ಸೆಗೆ ವೈದ್ಯ, ದ್ರವ್ಯ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳುಂಟೆಂದು ಚರಕಸಂಹಿತೆಯು ಹೇಳುತ್ತದೆ. ಕ್ಯಾಸ್ಟಿಲ್ಯೋನೆಯಲ್ಲಿ ನೀರಿದ್ದಿತು, ಆಹಾರವಿದ್ದಿತು, ಗಾಯಕ್ಕೆ ಕಟ್ಟುವ ಬಟ್ಟೆಯೂ ಸಾಕಷ್ಟಿದ್ದಿತು. ಆದರೂ ಜನರು ಹಸಿವು ಬಾಯಾರಿಕೆಗಳಿಂದ ಸತ್ತರು. ವೈದ್ಯರು ಕೆಲವರೇ, ಕೈನೆರವಾಗುವ ಪರಿಚಾರಕರು ಇನ್ನೂ ಕಡಮೆ. ಮರುಗುವ ಮನಸ್ಸಿಗೆ ಅಲ್ಲಿ ಬರವಿರಲಿಲ್ಲ, ಪಳಗಿದ ಕೈಗಳಿಗೆ ಬರವಿದ್ದಿತು. ಡ್ಯುನಾಂಟನು ಕಂಡ ಸತ್ಯವಿದು. ಇದನ್ನು ಕಂಡುದರಿಂದಲೇ ಅವನ ಗ್ರಂಥವು ಕೇವಲ ವಿಲಾಪವಾಗಲಿಲ್ಲ.

ವಿಮರ್ಶಕರು ಮುಖ್ಯವಾಗಿ ಗಮನಿಸಬೇಕಾದುದು ಗ್ರಂಥದ ಕೊನೆಯನ್ನು. ಕರುಣವು ರಸವಾಗಿ ಪಾಕಕ್ಕೆ ಬರುವಷ್ಟರಲ್ಲಿ ಗ್ರಂಥಕರ್ತನು ಅದನ್ನು ತಾನೇ ಮುರಿದುಬಿಡುವನು. ಶಾಂತಿಕಾಲದಲ್ಲಿಯೇ ಸ್ವಯಂಸೇವಕರನ್ನು ಶಿಕ್ಷಣಗೊಳಿಸಿ ಸಿದ್ಧವಾಗಿಡುವ ಸಂಘಗಳು ಏಕೆ ಆಗಬಾರದು, ಅವುಗಳನ್ನು ರಕ್ಷಿಸುವ ಒಡಂಬಡಿಕೆಯೊಂದನ್ನು ರಾಜ್ಯಗಳು ಏಕೆ ಮಾಡಿಕೊಳ್ಳಬಾರದು ಎಂದು ಅವನು ಕೇಳುತ್ತಾನೆ. ಕಾವ್ಯದಲ್ಲಿ ಇದು ರಸಭಂಗವೆಂಬ ದೋಷ. ಇಲ್ಲಿ ಅದೇ ಗುಣ. ವಾಚಕನ ಕಣ್ಣೀರು ಆನಂದವಾಗುವುದಕ್ಕೆ ಎಡೆಗೊಡದೆ ಅದನ್ನು ಋಣವಾಗಿ ಮಾಡುವುದು ಈ ಗ್ರಂಥದ ಔಚಿತ್ಯ. ಫಲವೂ ಬೇಗನೆ ದೊರೆಯಿತು. 1863ರ ಫೆಬ್ರವರಿಯಲ್ಲಿ ಜಿನೀವಾದ ಐವರು ಕೂಡಿದ ಸಮಿತಿಯೇ ಮುಂದೆ ರೆಡ್ ಕ್ರಾಸ್ ಆಯಿತು. 1864ನೆಯ ಆಗಸ್ಟ್ 22ರಂದು ಹನ್ನೆರಡು ರಾಜ್ಯಗಳು ಜಿನೀವಾ ಒಡಂಬಡಿಕೆಗೆ ಸಹಿಹಾಕಿದುವು. ಅದರ ಮೊದಲನೆಯ ವಿಧಿಯೇ ದಂಡಿನ ಆಸ್ಪತ್ರೆಗಳನ್ನು ತಟಸ್ಥವೆಂದು ಸಾರುವಂತಹುದು.

ಪೂರ್ವಪಕ್ಷವಿಲ್ಲದಿಲ್ಲ. ಇಂತಹ ಸಂಘಗಳು ಸರಕಾರಗಳ ಹೊಣೆಯನ್ನು ತಾವು ಹೊತ್ತು ಯುದ್ಧವನ್ನು ಸುಲಭಗೊಳಿಸುವುವೆಂದು ಫ್ಲಾರೆನ್ಸ್ ನೈಟಿಂಗೇಲಳು ಆಕ್ಷೇಪಿಸಿದಳು. ತೂಕವುಳ್ಳ ಮಾತು. ಆದರೆ ಸರಕಾರವು ಎಚ್ಚರಗೊಳ್ಳುವ ತನಕ ಗಾಯಗೊಂಡವನು ಕಾಯಲಾರನು. ಇದಕ್ಕಿಂತ ದೊಡ್ಡ ಕೊರತೆ ಬೇರೊಂದುಂಟು. ಡ್ಯುನಾಂಟನ ಯೋಜನೆಯಲ್ಲಿ ಮುಖ್ಯನಾದವನು ಸೈನಿಕನೇ. ಯುದ್ಧಕ್ಕೆ ಸಿಕ್ಕಿದ ಹಳ್ಳಿಯ ಹೆಂಗಸರು ಮಕ್ಕಳಿಗಾಗಿ ಪ್ರತ್ಯೇಕವಾದ ಜಿನೀವಾ ಒಡಂಬಡಿಕೆಯೊಂದು ಆಗಬೇಕಾದರೆ 1949ರ ತನಕ ಕಾಯಬೇಕಾಯಿತು.

ಆ ಕೊರತೆಯು ಲೋಕದ ಕಣ್ಣಿಗೆ ಬಿದ್ದುದು ನೈಜೀರಿಯದಿಂದ ಬೇರೆಯಾಗಲೆಳಸಿದ ಬಯಾಫ್ರದಲ್ಲಿ. 1967ರಿಂದ 1970ರ ವರೆಗೆ ನಡೆದ ಆ ಅಂತರ್ಯುದ್ಧದಲ್ಲಿ ದಿಗ್ಬಂಧನದಿಂದ ಕ್ಷಾಮವುಂಟಾಗಿ ಮಕ್ಕಳು ಲೆಕ್ಕವಿಲ್ಲದೆ ಸತ್ತರು. ರೆಡ್ ಕ್ರಾಸಿನ ಪಕ್ಷದಿಂದ ಹೋಗಿದ್ದ ಕೆಲವು ಫ್ರೆಂಚ್ ವೈದ್ಯರಿಗೆ, ಕಂಡುದನ್ನು ಹೇಳದಿರಬೇಕೆಂಬ ಮೌನವು ಸಹಿಸಲಾಗಲಿಲ್ಲ. ಅಂಥವರು ಪತ್ರಿಕೆಯವರೊಡನೆ ಕೂಡಿ 1971ರಲ್ಲಿ ಪ್ಯಾರಿಸ್ಸಿನಲ್ಲಿ ‘ಮೆಡ್ಸಾಂ ಸಾಂ ಫ್ರಾಂಟಿಯೇರ್’, ಅಂದರೆ ಗಡಿಗಳಿಲ್ಲದ ವೈದ್ಯರು, ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಔಷಧ ಕೊಡುವವರೂ ಬರೆಯುವವರೂ ಒಂದೇ ಸಂಸ್ಥೆಯ ಜನಕರಾದುದು ಸಾಹಿತ್ಯಾಸಕ್ತರು ಮರೆಯಬಾರದ ಸಂಗತಿ. ಕಂಡುದಕ್ಕೆ ಸಾಕ್ಷಿ ನುಡಿಯುವುದೂ ವೈದ್ಯಧರ್ಮದ ಒಂದಂಗವೆಂಬುದು ಈ ಸಂಸ್ಥೆಯ ಮತ. ರೆಡ್ ಕ್ರಾಸಿನ ಜಿನೀವಾ ಸಮಿತಿಯ ಮತವೇ ಬೇರೆ: ಬಹಿರಂಗವಾಗಿ ದೂಷಿಸದಿದ್ದರೆ ಸೆರೆಮನೆಯ ಬಾಗಿಲೂ ತೆರೆದೀತು.

ಎರಡು ಮತಗಳಲ್ಲಿ ಯಾವುದು ಸಾಧು? 1985ರಲ್ಲಿ ಇಥಿಯೋಪಿಯದ ಸರಕಾರವು ಕ್ಷಾಮಪೀಡಿತರನ್ನು ಬಲಾತ್ಕಾರದಿಂದ ಬೇರೆಡೆಗೆ ಸಾಗಿಸುತ್ತಿರುವುದನ್ನು ಈ ವೈದ್ಯರ ಫ್ರೆಂಚ್ ಶಾಖೆಯು ಬಯಲಿಗಿಟ್ಟು ದೇಶದಿಂದ ಹೊರದೂಡಿಸಿಕೊಂಡಿತು. ನುಡಿದ ಸತ್ಯಕ್ಕಾಗಿ ರೋಗಿಗಳು ವೈದ್ಯರನ್ನು ಕಳೆದುಕೊಂಡರು. ಮೌನದಿಂದ ಕೆಡುವ ಸಂದರ್ಭವಿದ್ದಂತೆ ಮಾತಿನಿಂದ ಕೆಡುವ ಸಂದರ್ಭವೂ ಉಂಟೆಂದು ಇದರಿಂದ ತಿಳಿಯುತ್ತದೆ. ‘ಸೋಲ್ಫೆರಿನೋ ಸ್ಮರಣೆ’ಯು ಈ ವಿವಾದವನ್ನು ತೀರಿಸದಿದ್ದರೂ ಅದಕ್ಕೊಂದು ಕ್ರಮವನ್ನು ತೋರಿಸುತ್ತದೆ: ಮೊದಲು ನೀರು, ಅನಂತರ ಪಟ್ಟಿ, ಆಮೇಲೆ ಲೇಖನಿ, ಲೇಖನಿಯೂ ಉಪಾಯವನ್ನು ತೋರುವ ತನಕ ನಿಲ್ಲಬಾರದು. ಉಪಾಯವಿಲ್ಲದ ಸಾಕ್ಷ್ಯವು ವಿಲಾಪ. ಸಾಕ್ಷ್ಯವಿಲ್ಲದ ಶುಶ್ರೂಷೆಯು ಅದೇ ಗಾಯವನ್ನು ಮತ್ತೆ ಮತ್ತೆ ಕಟ್ಟುತ್ತಿರಬೇಕಾಗುವುದು.

ಡ್ಯುನಾಂಟನ ವ್ಯಾಪಾರವು 1867ರಲ್ಲಿ ಮುರಿದುಬಿದ್ದಿತು. ಅವನು ಬಹುಕಾಲ ಬಡತನದಲ್ಲಿ ಅಲೆದನು. 1901ರಲ್ಲಿ ಶಾಂತಿಗಾಗಿ ಕೊಟ್ಟ ಮೊತ್ತಮೊದಲ ನೊಬೆಲ್ ಬಹುಮಾನದಲ್ಲಿ ಅರ್ಧವು ಅವನಿಗೆ ಸಂದಿತು. 1999ರಲ್ಲಿ ಅದೇ ಬಹುಮಾನವು ಗಡಿಗಳಿಲ್ಲದ ವೈದ್ಯರಿಗೆ ಸಂದಿತು. ಇಷ್ಟಾದರೂ ಗ್ರಂಥದ ಕೆಲಸವು ಮುಗಿದಿಲ್ಲ. 2015ನೆಯ ಅಕ್ಟೋಬರ್ 3ರಂದು ಆಫ್ಘಾನಿಸ್ತಾನದ ಕುಂದೂಜಿನಲ್ಲಿ ಆ ವೈದ್ಯರ ಆಸ್ಪತ್ರೆಯ ಮೇಲೆ ಅಮೆರಿಕದ ಯುದ್ಧವಿಮಾನವು ಎರಗಿ 42 ಮಂದಿ ಮಡಿದರು. ಒಡಂಬಡಿಕೆಯ ಮೊದಲನೆಯ ವಿಧಿಯೇ ಉಲ್ಲಂಘಿತವಾಗುವಂತಹ ಕಾಲದಲ್ಲಿ, ಅದಕ್ಕೆ ಕಾರಣವಾದ ಪುಸ್ತಕವನ್ನು ಹಳೆಯದೆಂದು ಕರೆಯುವಂತಿಲ್ಲ. ಇದನ್ನು ಓದಿದವರು ಅತ್ತರೆ ಸಾಲದು. ಯಾವ ಕೈಗಳು ಎಲ್ಲಿ ಸಾಲದೆ ಹೋದುವೆಂದು ಎಣಿಸುವುದನ್ನು ಕಲಿತರೆ ಓದಿದುದು ಸಾರ್ಥಕ.