ಬಣ್ಣ ಬಂದ ಹರಿಶ್ಚಂದ್ರ, ದನಿ ಬಂದ ಜೇಮ್ಸ್

2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಕಡಗಂಚಿಗೆ ಬಂದು ನೆಲೆಸಿದ ಮೇಲೆ ಕಲಬುರಗಿ–ಆಳಂದ ರಸ್ತೆಯ ಚಹಾದಂಗಡಿಗಳ ಮಾತಿನ ಧಾಟಿ ಬದಲಾಗಿದೆ. ಒಂದು ಸಂಜೆ ಮಿರ್ಚಿ ಭಜಿಯ ತಟ್ಟೆ ಮುಂದಿಟ್ಟುಕೊಂಡು ಇಬ್ಬರು ವಿದ್ಯಾರ್ಥಿಗಳು ವಾದಕ್ಕೆ ಬಿದ್ದಿದ್ದರು. ಹೊರರಾಜ್ಯದ ಹುಡುಗ 1978ರ ‘ಸೂಪರ್‌ಮ್ಯಾನ್’ ಚಿತ್ರದ ನಿರ್ದೇಶಕನನ್ನು ಎರಡನೆಯ ಭಾಗದ ನಡುವೆಯೇ ಹೊರಗೆ ಹಾಕಿದ್ದನ್ನು ತನ್ನ ಮನೆಯಲ್ಲೇ ನಡೆದ ಅನ್ಯಾಯವೆಂಬಂತೆ ಹೇಳುತ್ತಿದ್ದ. ಜೇವರ್ಗಿ ಕಡೆಯ ಹುಡುಗ ‘ಬಬ್ರುವಾಹನ’ದ ಹೆಸರೆತ್ತಿ ಮಾರುತ್ತರ ಕೊಡುತ್ತಿದ್ದ. ಪಕ್ಕದ ಬೆಂಚಿನಲ್ಲಿ ಒಬ್ಬ ಹಿರಿಯರು ಕೂತಿದ್ದರು. ಹರೆಯದಲ್ಲಿ ದೊಡ್ಡಾಟದಲ್ಲಿ ವೇಷ ಕಟ್ಟಿದವರು. ಬಹಳ ಹೊತ್ತು ಕೇಳಿಸಿಕೊಂಡು ಕೊನೆಗೆ ಅಂದರು: “ಅಂವ ಹಾರತಾನ, ಖರೆ ಅದ ತಮ್ಮಾ. ಅಂವಗ ಹಾರಸಾವ್ರು ಯಾರು, ಅದು ಹೇಳು.”

ಆ ಮಾತು ನನ್ನನ್ನು ಬಿಟ್ಟಿಲ್ಲ. ನಮ್ಮ ವೀರನಾಯಕರ ಹಳೆಯ ಚಿತ್ರಗಳನ್ನೂ ಅವುಗಳ ಮರುಬಿಡುಗಡೆಯನ್ನೂ ಅಳೆಯಲು ಅದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಕಂಡಿಲ್ಲ.

ಕನ್ನಡದಲ್ಲಿ ಸೂಪರ್‌ಹೀರೋ ಇದ್ದಾನೆಯೇ ಎಂದು ಕೇಳುವವರಿದ್ದಾರೆ. ಬೆನ್ನಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ಆಕಾಶಕ್ಕೆ ನೆಗೆಯುವವನನ್ನಷ್ಟೇ ಹುಡುಕಿದರೆ ಸಿಗುವುದು ಕಡಿಮೆ. ಆದರೆ ಮನುಷ್ಯನ ಅಳತೆ ಮೀರಿದ ಬಲವನ್ನೋ ಸತ್ಯವನ್ನೋ ಹೊತ್ತು ನಿಲ್ಲುವ ನಾಯಕ ನಮ್ಮಲ್ಲಿ ಮೊದಲಿನಿಂದಲೂ ಇದ್ದಾನೆ. 1934ರ ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದಲ್ಲೇ ಇಂದ್ರಜಿತು ಇದ್ದ. ಆಮೇಲೆ ಮೂರು ಕವಲುಗಳು ಒಡೆದವು. ‘ಸತ್ಯ ಹರಿಶ್ಚಂದ್ರ’ (1965), ‘ಬಬ್ರುವಾಹನ’ (1977), ‘ಭಕ್ತ ಪ್ರಹ್ಲಾದ’ (1983) ಪುರಾಣದ ಕವಲು. ‘ಇಮ್ಮಡಿ ಪುಲಿಕೇಶಿ’ (1967), ‘ಶ್ರೀ ಕೃಷ್ಣದೇವರಾಯ’ (1970), ‘ಮಯೂರ’ (1975) ಇತಿಹಾಸದ ಕವಲು. ದೊರೈ–ಭಗವಾನ್ ಜೋಡಿ 1968ರ ‘ಜೇಡರ ಬಲೆ’ಯಿಂದ ಆರಂಭಿಸಿ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ವರೆಗೆ ನಾಲ್ಕು ಚಿತ್ರಗಳಲ್ಲಿ ಬೆಳೆಸಿದ ಸಿಐಡಿ 999 ಪತ್ತೇದಾರಿ ಕವಲು. ಈ ಮೂರನ್ನೂ ಸೇರಿಸಿ ಇಲ್ಲಿ ‘ವೀರಚಿತ್ರ’ ಎಂದು ಕರೆಯುತ್ತೇನೆ. ಸುಲೋಚನೆಯನ್ನು ಬಿಟ್ಟರೆ ಮೇಲಿನ ಅಷ್ಟೂ ಚಿತ್ರಗಳಲ್ಲಿ ಮುಖ್ಯ ಪಾತ್ರ ರಾಜ್‌ಕುಮಾರ್ ಅವರದು. ಅದು ಈ ಪರಂಪರೆಯ ಶಕ್ತಿ. ಮುಂದೆ ಅದೇ ಅದರ ಕುರುಡೂ ಆಯಿತು.

ಈ ವೀರನ ಬೇರು ನಮ್ಮ ಭಾಗದವರಿಗೆ ಹೊಸದಲ್ಲ. ದೊಡ್ಡಾಟದಲ್ಲಿ ಅರ್ಜುನನೋ ಕರ್ಣನೋ ಸುಮ್ಮನೆ ಬಂದು ಕತೆ ಶುರು ಮಾಡುವುದಿಲ್ಲ. ಕಿರೀಟ, ಭುಜಕೀರ್ತಿ, ಎದೆಕಟ್ಟು ಹೊತ್ತು, ನೆಲ ನಡುಗುವಂತೆ ಗೆಜ್ಜೆಗಾಲು ಬಡಿದು ರಂಗಕ್ಕೆ ಬರುತ್ತಾನೆ. ತಾವು ಯಾರು, ಯಾವ ದೇಶದವರು ಎಂದು ಸಾರಥಿ ಕೇಳುತ್ತಾನೆ. ಆಗ ಆತ ತನ್ನ ಹೆಸರು, ಕುಲ, ಪರಾಕ್ರಮವನ್ನು ತಾನೇ ಸಾರುತ್ತಾನೆ. ಸಾರಥಿ ಕೇಳದಿದ್ದರೆ ವೀರನಿಗೆ ಬಾಯಿಲ್ಲ, ಭಾಗವತ ಎತ್ತಿಕೊಡದಿದ್ದರೆ ಕಾಲಿಲ್ಲ. ಕಂಪನಿ ನಾಟಕಕ್ಕೂ ಇದೇ ಮಾತು ಸಲ್ಲುತ್ತದೆ. ರಾಜ್‌ಕುಮಾರ್ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಗುಬ್ಬಿ ಕಂಪನಿಯ ನಟರು. 1954ರ ‘ಬೇಡರ ಕಣ್ಣಪ್ಪ’ ಚಿತ್ರ ಹುಟ್ಟಿದ್ದೂ ಆ ರಂಗಭೂಮಿಯ ಮಡಿಲಲ್ಲೇ. ಹೀಗಾಗಿ ನಮ್ಮ ವೀರಚಿತ್ರ ಆರಂಭದಿಂದಲೂ ಮೇಳದ ಕಲೆ. ಒಬ್ಬ ಎದುರಿಗೆ ನಿಲ್ಲುತ್ತಾನೆ, ಹತ್ತು ಮಂದಿ ಹಿಂದೆ ನಿಂತು ಅವನನ್ನು ನಿಲ್ಲಿಸುತ್ತಾರೆ.

‘ಬಬ್ರುವಾಹನ’ವನ್ನೇ ಹತ್ತಿರದಿಂದ ನೋಡಿ. ಹುಣಸೂರು ಕೃಷ್ಣಮೂರ್ತಿ ನಿರ್ದೇಶನದ ಈ ಚಿತ್ರದಲ್ಲಿ ಅರ್ಜುನನೂ ರಾಜ್‌ಕುಮಾರ್, ಅವನಿಗೆ ಎದುರಾಗಿ ನಿಂತ ಮಗನೂ ರಾಜ್‌ಕುಮಾರ್. ತಂದೆ ಮಗ ಎದುರುಬದುರಾಗಿ ಹಾಡಿನಲ್ಲೇ ಜಗಳಕ್ಕೆ ನಿಲ್ಲುವ ಭಾಗ ಇಂದಿಗೂ ಹಳ್ಳಿಯ ಹುಡುಗರಿಗೆ ಬಾಯಿಪಾಠ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಒಬ್ಬನೇ ನಟ ತನ್ನೆದುರು ತಾನೇ ನಿಲ್ಲಬೇಕಾದರೆ ಚೌಕಟ್ಟಿನ ಅರ್ಧ ಮುಚ್ಚಿ ಒಂದು ಸಲ ಚಿತ್ರಿಸಿ, ವೇಷ ಬದಲಿಸಿ, ಉಳಿದರ್ಧವನ್ನು ಮತ್ತೊಮ್ಮೆ ಚಿತ್ರಿಸಬೇಕಿತ್ತು. ಕ್ಯಾಮೆರಾ ಕೂದಲೆಳೆಯಷ್ಟು ಅಲುಗಿದರೂ ನಡುವೆ ಗೆರೆ ಕಾಣುತ್ತಿತ್ತು. ಬೆಳಕು ಬದಲಾದರೆ ತಂದೆಯ ಲೋಕವೊಂದು, ಮಗನ ಲೋಕವೊಂದು ಆಗುತ್ತಿತ್ತು. ನಟ ಖಾಲಿ ಜಾಗವನ್ನು ದಿಟ್ಟಿಸಿ ಸಿಟ್ಟಾಗಬೇಕಿತ್ತು. ಮುಂದಿನ ಸಲ ಆ ಸಿಟ್ಟಿಗೆ ಲೆಕ್ಕ ತಪ್ಪದೆ ಉತ್ತರ ಕೊಡಬೇಕಿತ್ತು. ಈ ಕಷ್ಟ ತಿಳಿದವನಿಗೆ ಆ ದೃಶ್ಯ ಸಣ್ಣದಾಗುವುದಿಲ್ಲ, ಇನ್ನೂ ದೊಡ್ಡದಾಗುತ್ತದೆ.

ಆದ್ದರಿಂದಲೇ ಚಿತ್ರ ತಯಾರಾಗುವಾಗಿನ ಫಜೀತಿಗಳ ಬಗ್ಗೆ ಅಭಿಮಾನಿಗಳು ಆಡುವ ಮಾತನ್ನು ನಾನು ಕಾಡುಹರಟೆ ಎಂದು ತಳ್ಳಿಹಾಕುವುದಿಲ್ಲ. ಎಲ್ಲಿ ಹಣ ಮುಗಿಯಿತು, ಯಾವ ದೃಶ್ಯ ಕತ್ತರಿಗೆ ಹೋಯಿತು, ಯಾರು ನಡುವೆ ಬಿಟ್ಟುಹೋದರು ಎಂಬುದನ್ನು ವಿದ್ವಾಂಸರಿಗಿಂತ ಮೊದಲು ನೆನಪಿಟ್ಟವರು ಇವರು. 2019ರ ಆಗಸ್ಟ್‌ನಲ್ಲಿ ತೆರೆಕಂಡ ‘ಕುರುಕ್ಷೇತ್ರ’ ವರ್ಷಗಟ್ಟಲೆ ತಡವಾಗಿತ್ತು. ಭೀಷ್ಮನ ಪಾತ್ರ ಮಾಡಿದ ಅಂಬರೀಶ್ ಅದಕ್ಕೆ ಮುಂಚೆಯೇ, 2018ರ ನವೆಂಬರ್‌ನಲ್ಲಿ ತೀರಿಕೊಂಡಿದ್ದರು. ಶರಶಯ್ಯೆಯ ಮೇಲಿನ ಭೀಷ್ಮನನ್ನು ನೋಡುವಾಗ ಪ್ರೇಕ್ಷಕನ ಕಣ್ಣಲ್ಲಿ ಬಂದ ನೀರು ಪಾತ್ರಕ್ಕೋ ನಟನಿಗೋ ಎಂದು ಬಿಡಿಸಿ ಹೇಳಲಾಗದು. ಚಿತ್ರದ ಹೊರಗಿನ ಕತೆ ಹೀಗೆ ಒಳಗಿನ ಅರ್ಥವನ್ನೂ ತಿದ್ದುತ್ತದೆ.

ಈಗ ಮರುಜೀವದ ಪ್ರಶ್ನೆ. ಕೆ.ಸಿ.ಎನ್. ಗೌಡರ ಕುಟುಂಬ 2008ರಲ್ಲಿ ‘ಸತ್ಯ ಹರಿಶ್ಚಂದ್ರ’ಕ್ಕೆ ಬಣ್ಣ ಹಾಕಿಸಿ ತೆರೆಗೆ ತಂದಿತು. 2014ರಲ್ಲಿ ‘ಕಸ್ತೂರಿ ನಿವಾಸ’ಕ್ಕೂ ಬಣ್ಣ ಬಂತು. ಹರಿಶ್ಚಂದ್ರನಿಗೆ ಬಣ್ಣ ಹಾಕಿಸಿದ್ದು ದಕ್ಷಿಣದಲ್ಲಿ ಬೇರೆ ಯಾರೂ ಕೈಹಾಕದಿದ್ದಾಗ ಮಾಡಿದ ಸಾಹಸ. ಅಜ್ಜ ನೋಡಿದ್ದ ಚಿತ್ರವನ್ನು ಮೊಮ್ಮಗನೂ ದೊಡ್ಡ ಪರದೆಯ ಮೇಲೆ ನೋಡಿದ. ಆ ಉಪಕಾರವನ್ನು ಮರೆಯುವಂತಿಲ್ಲ. ಆದರೂ ನನ್ನ ತಕರಾರು ಇದೆ. ಕಪ್ಪು ಬಿಳುಪು ಅಂದರೆ ಬಣ್ಣದ ಕೊರತೆ ಅಲ್ಲ, ಅದೊಂದು ಭಾಷೆ. ಸ್ಮಶಾನದಲ್ಲಿ ವೀರಬಾಹುವಿನ ಆಳಾಗಿ ನಿಂತ ಅರಸನ ಮುಖದ ಮೇಲೆ ಚಿತೆಯ ಬೆಳಕು ಎಷ್ಟು ಬೀಳಬೇಕು, ನೆರಳು ಎಷ್ಟು ಉಳಿಯಬೇಕು ಎಂದು ಛಾಯಾಗ್ರಾಹಕ ಅಳೆದಿದ್ದು ಬೂದಿಯಿಂದ ಬಿಳುಪಿನವರೆಗಿನ ಮೆಟ್ಟಿಲುಗಳಲ್ಲಿ. ಅದರ ಮೇಲೆ ಬಣ್ಣ ಬಳಿದಾಗ ಉಟ್ಟ ಬಟ್ಟೆಯ ಬಣ್ಣ ಕಾಣುತ್ತದೆ, ಬಡತನದ ಬೂದಿ ಮಸುಕಾಗುತ್ತದೆ. ಬಣ್ಣದ ಪ್ರತಿ ಇರಲಿ, ಬೇಡವೆನ್ನುವುದಿಲ್ಲ. ಮೂಲದ ಪ್ರತಿಯನ್ನೂ ಅಷ್ಟೇ ಅಕ್ಕರೆಯಿಂದ ತೊಳೆದು, ಅಷ್ಟೇ ದೊಡ್ಡ ಪರದೆಯ ಮೇಲೆ ತೋರಿಸಿದಾಗ ಮಾತ್ರ ಮರುಜೀವ ಪೂರ್ತಿಯಾಗುತ್ತದೆ.

ಮೂಲವನ್ನು ಇಟ್ಟುಕೊಂಡು ಹೊಸ ತಂತ್ರದ ಸೇವೆ ಪಡೆಯುವುದು ಒಂದು ದಾರಿ. ಪುಟ್ಟಣ್ಣ ಕಣಗಾಲರ 1972ರ ‘ನಾಗರಹಾವು’ 2018ರಲ್ಲಿ ಹೊಸ ಧ್ವನಿಯೊಂದಿಗೆ ಮರಳಿದ್ದು ಹಾಗೆ. ಮೂಲವೇ ಇಲ್ಲದ ಕಡೆ ತಂತ್ರದಿಂದ ನಾಯಕನನ್ನು ಕಟ್ಟುವುದು ಇನ್ನೊಂದು ದಾರಿ. ಅದೇ ಹೆಸರಿನ 2016ರ ಚಿತ್ರದಲ್ಲಿ ಕೋಡಿ ರಾಮಕೃಷ್ಣ ಅವರು 2009ರಲ್ಲೇ ತೀರಿಕೊಂಡಿದ್ದ ವಿಷ್ಣುವರ್ಧನ್ ಅವರನ್ನು ಗ್ರಾಫಿಕ್ಸ್‌ನಿಂದ ಎದ್ದು ನಿಲ್ಲಿಸಿದರು. ಅಭಿಮಾನಿಗಳು ಶಿಳ್ಳೆ ಹೊಡೆದರು. ಆ ಪ್ರೀತಿ ನಿಜವಾದದ್ದು. ಆದರೆ ನಟನೆ ಅನ್ನುವುದು ಮುಖದ ಆಕಾರವಲ್ಲ, ಒಂದು ಕ್ಷಣದಲ್ಲಿ ಒಬ್ಬ ಮನುಷ್ಯ ಮಾಡಿಕೊಂಡ ಆಯ್ಕೆ. ಆ ಆಯ್ಕೆ ಮಾಡುವವನೇ ಇಲ್ಲದಿದ್ದಾಗ ಉಳಿಯುವುದು ಉತ್ಸವಮೂರ್ತಿ. ಅದಕ್ಕೆ ಕೈ ಮುಗಿಯಬಹುದು, ಅದನ್ನು ಅಭಿನಯ ಎನ್ನಲಾಗದು.

ಇವೆರಡರ ನಡುವೆ ಎದೆ ಹಿಂಡುವ ಮೂರನೆಯ ಪ್ರಕರಣ ‘ಜೇಮ್ಸ್’. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಈ ಚಿತ್ರದಲ್ಲಿ ಅವರ ಡಬ್ಬಿಂಗ್ ಆಗಿರಲಿಲ್ಲ. 2022ರ ಮಾರ್ಚ್ 17ರಂದು, ಅವರ ಹುಟ್ಟುಹಬ್ಬಕ್ಕೆ, ಚಿತ್ರ ತೆರೆಗೆ ಬಂದಾಗ ತಮ್ಮನ ತುಟಿಗೆ ಅಣ್ಣ ಶಿವರಾಜ್‌ಕುಮಾರ್ ದನಿಯಾಗಿದ್ದರು. ಏಪ್ರಿಲ್‌ನಲ್ಲಿ ತಂತ್ರಜ್ಞಾನದ ನೆರವಿನಿಂದ ಪುನೀತ್ ಅವರದೇ ದನಿ ಅಳವಡಿಸಿದ ಪ್ರತಿ ಬಂತು. ಅಪ್ಪು ದನಿ ಕೇಳಿ ಜನ ಹಗುರಾದರು. ನನಗೆ ಮಾತ್ರ ಮೊದಲ ಪ್ರತಿಯೇ ಹೆಚ್ಚು ದೊಡ್ಡದು. ಅಲ್ಲಿ ಮುಖವೊಂದು, ದನಿಯೊಂದು. ಹೊಂದದೇ ಇರುವ ಆ ಜಾಗದಲ್ಲೇ ಒಬ್ಬ ಅಣ್ಣನ ದುಃಖ ಕೂತಿದೆ. ನಷ್ಟವನ್ನು ಮುಚ್ಚದೆ ಅದರ ಮೇಲೆ ಕೈಯಿಟ್ಟ ಪ್ರತಿ ಅದು. ಎರಡೂ ಉಳಿಯಬೇಕು. ಎರಡನೆಯದು ಮೊದಲನೆಯದನ್ನು ನುಂಗಬಾರದು.

ಚಹಾದಂಗಡಿಯ ಹುಡುಗನ ‘ಸೂಪರ್‌ಮ್ಯಾನ್’ ಕತೆಗೆ ಈಗ ಬರೋಣ. ರಿಚರ್ಡ್ ಡಾನರ್ ಮೊದಲೆರಡು ಭಾಗಗಳನ್ನು ಜೊತೆಜೊತೆಗೇ ಚಿತ್ರಿಸುತ್ತಿದ್ದರು. ನಿರ್ಮಾಪಕರೊಂದಿಗೆ ಮನಸ್ತಾಪವಾಗಿ ಎರಡನೆಯದು ರಿಚರ್ಡ್ ಲೆಸ್ಟರ್ ಕೈಗೆ ಹೋಯಿತು. ಡಾನರ್ ಚಿತ್ರಿಸಿದ್ದ ಮಾರ್ಲನ್ ಬ್ರಾಂಡೊ ದೃಶ್ಯಗಳು ಪೆಟ್ಟಿಗೆ ಸೇರಿದವು. ಅಭಿಮಾನಿಗಳು ದಶಕಗಟ್ಟಲೆ ಪಟ್ಟುಬಿಡದೆ ಕೇಳಿದ್ದಕ್ಕೆ 2006ರಲ್ಲಿ ಡಾನರ್ ಅವರ ಕಲ್ಪನೆಗೆ ಹತ್ತಿರದ ಪ್ರತಿ ಹೊರಬಂತು. ಅದರಲ್ಲಿ ಒಂದು ಮುಖ್ಯ ದೃಶ್ಯ ಚಿತ್ರೀಕರಣವೇ ಆಗಿರಲಿಲ್ಲ. ಸಂಕಲನಕಾರರು ನಟರ ಆಯ್ಕೆಗಾಗಿ ತೆಗೆದಿದ್ದ ಪರೀಕ್ಷಾ ಚಿತ್ರಣವನ್ನೇ ಜೋಡಿಸಿದರು. ಒಂದೇ ದೃಶ್ಯದಲ್ಲಿ ಕ್ರಿಸ್ಟೋಫರ್ ರೀವ್ ಅವರ ಕೂದಲು, ಮೈಕಟ್ಟು ಬೇರೆ ಬೇರೆಯಾಗಿ ಕಾಣುತ್ತದೆ. ಯಾರೂ ಅದನ್ನು ಕಂಪ್ಯೂಟರ್‌ನಲ್ಲಿ ಒರೆಸಲಿಲ್ಲ. ತೇಪೆ ತೇಪೆಯಾಗಿಯೇ ಕಾಣುತ್ತದೆ. ಆ ಪ್ರಾಮಾಣಿಕತೆಯೇ ಆ ಪ್ರತಿಯ ಸೌಂದರ್ಯ ಎಂದು ನನ್ನ ನಂಬಿಕೆ.

ಪಾಠಾಂತರದ ಈ ವಿವೇಕ ಕಡಗಂಚಿಗೆ ಹೊರಗಿನಿಂದ ಬರಬೇಕಿಲ್ಲ. ‘ಗುರುಚರಿತ್ರೆ’ ಬರೆದ ಸರಸ್ವತಿ ಗಂಗಾಧರರು ಈ ಊರಿನವರೆಂಬುದು ಪರಂಪರೆಯ ಮಾತು. ಮರಾಠಿಯಲ್ಲಿರುವ ಆ ಗ್ರಂಥವನ್ನು ಕನ್ನಡ ಮನೆಮಾತಿನವರೊಬ್ಬರು ಬರೆದರೆಂದು ಇಲ್ಲಿಯ ಜನ ಅಭಿಮಾನದಿಂದ ಹೇಳುತ್ತಾರೆ. ಅಫಜಲಪುರ ತಾಲೂಕಿನ ಗಾಣಗಾಪುರಕ್ಕೆ ಬರುವ ಭಕ್ತರು ಪಾರಾಯಣ ಮಾಡುವ ಅದೇ ಗ್ರಂಥಕ್ಕೆ ಒಂದು ಪ್ರತಿಯಲ್ಲಿ ಐವತ್ತೊಂದು ಅಧ್ಯಾಯ, ಇನ್ನೊಂದರಲ್ಲಿ ಐವತ್ತೆರಡು, ಮತ್ತೊಂದರಲ್ಲಿ ಐವತ್ತಮೂರು. ಯಾವ ಭಕ್ತನೂ ಬೇರೆ ಪ್ರತಿಯನ್ನು ಸುಡಲು ಹೋಗಿಲ್ಲ. ಒಂದು ಕೃತಿ ಹಲವು ಪ್ರತಿಗಳಲ್ಲಿ ಬದುಕುತ್ತದೆ ಎಂಬ ತಿಳಿವಳಿಕೆ ಓಲೆಗರಿ, ಕೈಬರಹಗಳ ಕಾಲದಿಂದ ನಮ್ಮಲ್ಲಿದೆ. ಸಿನಿಮಾದ ವಿಷಯದಲ್ಲಿ ಮಾತ್ರ ಹೊಸದು ಬಂದ ದಿನವೇ ಹಳೆಯದನ್ನು ಅಟ್ಟಕ್ಕೆ ಎಸೆಯುತ್ತೇವೆ.

ಅಭಿಮಾನಿ ಪರಂಪರೆಯ ದೋಷಗಳನ್ನೂ ಬಿಚ್ಚಿ ಹೇಳಬೇಕು. ಮೊದಲನೆಯದು, ಎಲ್ಲ ಕೀರ್ತಿಯನ್ನೂ ಒಬ್ಬನ ತಲೆಗೆ ಕಟ್ಟುವುದು. ರಾಜ್‌ಕುಮಾರ್ ಅವರ ವಿನಯವನ್ನು ಹಾಡಿ ಹೊಗಳುವವರೇ ಅವರೊಂದಿಗೆ ದುಡಿದ ಕಲಾ ನಿರ್ದೇಶಕ, ಪ್ರಸಾಧಕ, ಸಾಹಸ ಕಲಾವಿದರ ಹೆಸರು ಕೇಳಿದರೆ ತಡವರಿಸುತ್ತಾರೆ. ಎರಡನೆಯದು, ಹೆಂಗಸರನ್ನು ಮರೆಯುವುದು. ಬಬ್ರುವಾಹನನ ಕತೆಯಲ್ಲಿ ಮಗನ ಬಾಣಕ್ಕೆ ಬಿದ್ದ ಅರ್ಜುನ ಮತ್ತೆ ಏಳುವುದು ನಾಗಕನ್ಯೆ ಉಲೂಪಿಯ ಕಡೆಯಿಂದ ಬಂದ ಮಣಿಯಿಂದ. ಚಿತ್ರದಲ್ಲಿ ಚಿತ್ರಾಂಗದೆಯಾಗಿ ಬಿ. ಸರೋಜಾದೇವಿ, ಉಲೂಪಿಯಾಗಿ ಕಾಂಚನಾ ಇದ್ದಾರೆ. ಆದರೆ ನಮ್ಮ ಚರ್ಚೆ ತಂದೆ ಮಗನ ಭುಜಬಲ ದಾಟಿ ಆ ಇಬ್ಬರು ತಾಯಂದಿರ ಕಡೆ ಹೊರಳುವುದೇ ಇಲ್ಲ. ಮೂರನೆಯದು ಹಗೆತನ. 2021ರಲ್ಲಿ ಹೊರಬಂದ ಜ್ಯಾಕ್ ಸ್ನೈಡರ್ ಅವರ ‘ಜಸ್ಟೀಸ್ ಲೀಗ್’ ಪ್ರತಿಗಾಗಿ ಹೋರಾಡಿ ಗೆದ್ದ ಅಭಿಮಾನಿಗಳು ಆತ್ಮಹತ್ಯೆ ತಡೆಯುವ ಕೆಲಸಕ್ಕೆ ದೇಣಿಗೆ ಕೂಡಿಸಿದರು. ಅವರಲ್ಲೇ ಕೆಲವರು ಭಿನ್ನಾಭಿಪ್ರಾಯದವರನ್ನು ಬೈದು ಹಣಿದರು. ನಮ್ಮಲ್ಲೂ ಒಬ್ಬ ನಾಯಕನ ಅಭಿಮಾನ ಇನ್ನೊಬ್ಬನ ಅಭಿಮಾನಿಗೆ ಕಲ್ಲಾಗುವುದನ್ನು ನೋಡಿ ನೋಡಿ ಸಾಕಾಗಿದೆ. ಪ್ರೀತಿಗೆ ಶತ್ರು ಬೇಕಿಲ್ಲ.

ಈ ಕುರುಡಿಗೆ ತೆರಬೇಕಾದ ಬೆಲೆ ಎಷ್ಟೆಂದು ತಿಳಿಯಲು ‘ಸತಿ ಸುಲೋಚನ’ವನ್ನು ನೆನೆದರೆ ಸಾಕು. ಕೊಲ್ಹಾಪುರದ ಸ್ಟುಡಿಯೊದಲ್ಲಿ ವೈ.ವಿ. ರಾವ್ ನಿರ್ದೇಶಿಸಿದ ಆ ಚಿತ್ರದಲ್ಲಿ ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾವ್ ಇದ್ದರು. ನಾವು ಇಂದು ಅದನ್ನು ನೋಡುವಂತಿಲ್ಲ. ಪ್ರತಿ ಉಳಿದಿಲ್ಲ. ನಾಯಕರ ಹೆಸರು ಉಳಿಯಿತು, ರೀಲು ಕಾಯಬೇಕಾದ ಕೈಗಳನ್ನು ಯಾರೂ ನೆನೆಯಲಿಲ್ಲ. ಫಿಲ್ಮು ಬಿಸಿಗೆ, ತೇವಕ್ಕೆ ಸಾಯುವ ವಸ್ತು. ಹುಳಿವಾಸನೆ ಬಂತೆಂದರೆ ಅದು ಒಳಗೇ ಕೊಳೆಯುತ್ತಿದೆ ಎಂದರ್ಥ. ಹುಟ್ಟುಹಬ್ಬಕ್ಕೆ ಕಟೌಟಿಗೆ ಹಾಲೆರೆಯುವ ಉತ್ಸಾಹದ ಒಂದಂಶ ರೀಲುಗಳ ಕಡೆ ಹರಿದರೆ ಇನ್ನೊಂದು ಸುಲೋಚನೆಯನ್ನು ಕಳೆದುಕೊಳ್ಳುವುದು ತಪ್ಪುತ್ತದೆ. ಮರುಬಿಡುಗಡೆಯ ಮೊದಲ ಚೌಕಟ್ಟಿನಲ್ಲೇ ಮೂಲ ಪ್ರತಿ ಎಲ್ಲಿ ಸಿಕ್ಕಿತು, ಯಾವ ಭಾಗ ತಿದ್ದಿದೆ, ಯಾರು ತಿದ್ದಿದರು ಎಂದು ಬರೆಯಲಿ. ಅಭಿಮಾನಿ ಸಂಘಗಳು ಬದುಕಿರುವ ಹಳೆಯ ತಂತ್ರಜ್ಞರ ಎದುರು ಕೂತು ಅವರ ಮಾತನ್ನು ದಾಖಲಿಸಲಿ. ಕಡಗಂಚಿಯಂಥ ವಿಶ್ವವಿದ್ಯಾಲಯದ ಮಕ್ಕಳು ಈ ಕೆಲಸಕ್ಕೆ ಹೊರಟರೆ ಅದು ಪದವಿಗೂ ಪ್ರೀತಿಗೂ ಸಲ್ಲುವ ಓದು.

ಅಂದು ಸಂಜೆ ಚಹಾದಂಗಡಿಯಲ್ಲಿ ಹಿರಿಯರು ತಮ್ಮ ಹಳೆಯ ಕಿರೀಟದ ಮಾತು ತೆಗೆದರು. ಹಗುರ ಕಟ್ಟಿಗೆಯದು, ಮೇಲೆ ಬೇಗಡೆ, ಕನ್ನಡಿ ಚೂರು. ಪ್ರತಿ ಆಟದಲ್ಲೂ ಒಂದೆರಡು ಚೂರು ಉದುರುತ್ತಿದ್ದವಂತೆ. ಹೊಸದನ್ನು ಅಂಟಿಸುತ್ತಿದ್ದರಂತೆ. ಹಳೆಯ ಚೂರು ಮಂಕು, ಹೊಸದು ಫಳಫಳ. “ಯಾವ ಚೂರು ಯಾರು ಅಂಟಿಸ್ಯಾರ ಅಂತ ನಮಗ ಗೊತ್ತಿರತಿತ್ತು” ಎಂದು ಒಬ್ಬೊಬ್ಬರ ಹೆಸರು ಹೇಳತೊಡಗಿದರು. ಜೇವರ್ಗಿಯ ಹುಡುಗ ವಾದ ನಿಲ್ಲಿಸಿದ್ದ. ಜೇಬಿನಿಂದ ಮೊಬೈಲು ತೆಗೆದು ರೆಕಾರ್ಡಿಂಗ್ ಒತ್ತಿ ಬೆಂಚಿನ ಮೇಲಿಟ್ಟು ಕೇಳಿದ: “ಮುತ್ಯಾ, ಮತ್ತೊಮ್ಮೆ ಮೊದಲಿಂದ ಹೇಳ್ರಿ.”